ಕರೂರು ಉತ್ತರ ದ್ವೀಪಗಳ ಕಿರುಹಡಗು ವಿಹಾರ

1979ರಲ್ಲಿ ಸಿರುಗುಪ್ಪ ತಾಲೂಕಿನ ಸಕಲರೂ ನಂಬಿದ್ದ ಸಂಗತಿ ಇದು: ಹದಿನೇಳನೆಯ ಉಪಕಾಲುವೆಯಲ್ಲಿ ಕರೂರಿನ ಕೊನೆಯ ಹೊಲಗಳನ್ನು ಮುಟ್ಟುವಷ್ಟು ನೀರಿಲ್ಲ. ಇಂಜಿನಿಯರರು ನಂಬಿದ್ದರು, ಏಕೆಂದರೆ ಹಾಗೆಂದು ಬರೆದವರು ಅವರೇ. ಕಾಲುವೆಯ ತಲೆಭಾಗದಲ್ಲಿ ಎಂಬತ್ತು ಎಕರೆ ಗದ್ದೆಯಿದ್ದ ರೈಸ್‌ಮಿಲ್ ಸಾವ್ಕಾರ ಕೊಟ್ಟೂರಪ್ಪ ನಂಬಿದ್ದ, ಏಕೆಂದರೆ ಅವನ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಕೆಳಗಿನ ಕಾಲುವೆ ಒಣಗಿದ್ದು ಚೆನ್ನಾಗಿ ಕಾಣುತ್ತಿತ್ತು. ಕೊನೆಭಾಗದ ಸಾವಂತ್ರಮ್ಮನೂ ನಂಬಿದ್ದಳು. ಹನ್ನೊಂದು ವರ್ಷ ಒಂದೇ ಮಾತನ್ನು ಮೊಹರು ಹಾಕಿ ಹೇಳಿದರೆ ಯಾರಾದರೂ ನಂಬುತ್ತಾರೆ.

ಸಾವಂತ್ರಮ್ಮನದು ಮೂರೂವರೆ ಎಕರೆ. ಕಾಗದದ ಮೇಲೆ ನೀರಾವರಿ. ನಡುವೆ ಮೂರು ಬಂಡೆಗುಡ್ಡ. ನೀರಿಗೆ ಅರ್ಜಿ ಹಾಕುವವರ ಹೊಲದಲ್ಲಿ ಭತ್ತದ ಸಸಿಮಡಿ ಇರತಕ್ಕದ್ದು ಎಂಬ ನಿಯಮವಿದ್ದುದರಿಂದ ಅವಳು ಪ್ರತಿ ವರ್ಷ ಬಾವಿಯಿಂದ ಕೊಡ ಹೊತ್ತು ಸಸಿ ಬೆಳೆಸುತ್ತಿದ್ದಳು, ಅರ್ಜಿ ಹಾಕುತ್ತಿದ್ದಳು. ನೀರಿಲ್ಲವೆಂಬ ಉತ್ತರ ಬರುವಷ್ಟರಲ್ಲಿ ಸಸಿ ಬಲಿತು ಹಳದಿಯಾಗಿ ಎಮ್ಮೆಗೆ ಹೋಗುತ್ತಿತ್ತು. ಎಮ್ಮೆಯ ಆರೋಗ್ಯ ಉತ್ತಮವಾಗಿತ್ತು.

ಆ ವರ್ಷ ಗಂಡ ಜಂಬಣ್ಣ ಒಂದು ತೀರ್ಮಾನಕ್ಕೆ ಬಂದಿದ್ದ. ಈ ಸಲವೂ ನಾಟಿ ಆಗದಿದ್ದರೆ ಹೊಲವನ್ನು ಕೊಟ್ಟೂರಪ್ಪನಿಗೆ ಮಾರಿಬಿಡುವುದು. ಕೊಟ್ಟೂರಪ್ಪನಿಗೆ ಅದು ಭತ್ತ ಒಣಗಿಸುವ ಕಣಕ್ಕೆ ಬೇಕಾಗಿತ್ತು. ಎಂದೂ ನೀರು ಬರದ ಜಾಗ ಒಣಗಿಸಲು ಪ್ರಶಸ್ತ ಎಂದು ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

“ನಾನು ಸತ್ತ ಮ್ಯಾಲೆ ಮಾರು,” ಎಂದಿದ್ದಳು ಸಾವಂತ್ರಮ್ಮ.

“ಅಷ್ಟು ದಿನ ಸಾವ್ಕಾರ ಕಾಯಂಗಿಲ್ಲಂತ,” ಎಂದಿದ್ದ ಜಂಬಣ್ಣ.

ಆಷಾಢದಲ್ಲಿ ರಾಜಧಾನಿಯಿಂದ ಎಲ್ಲ ಜಿಲ್ಲೆಗಳಿಗೂ ಒಂದು ಸುತ್ತೋಲೆ ಹೊರಟಿತು. ವಿಷಯ: ‘ಉತ್ತರ ಭಾಗದ ದುರ್ಗಮ ದ್ವೀಪಗಳು ಹಾಗೂ ತೀರಪ್ರದೇಶಗಳ ಸುತ್ತ ಐಷಾರಾಮಿ ಕಿರುಹಡಗು ವಿಹಾರ.’ ಇಂಥ ದ್ವೀಪಗಳು ಎಷ್ಟಿವೆ ಎಂದು ಹದಿನೈದು ದಿನದೊಳಗೆ ತಿಳಿಸಬೇಕು. ಸುತ್ತೋಲೆ ಸಮುದ್ರವಿರುವ ಜಿಲ್ಲೆಗಳಿಗೆ ಉದ್ದೇಶಿಸಿದ್ದು. ಆದರೆ ಯಾವ ಜಿಲ್ಲೆಗಳಲ್ಲಿ ಸಮುದ್ರವಿದೆ ಎಂಬ ಪಟ್ಟಿಯನ್ನು ಟಪಾಲು ಗುಮಾಸ್ತರಿಗೆ ಯಾರೂ ಕೊಟ್ಟಿರಲಿಲ್ಲ. ಬಳ್ಳಾರಿಯಲ್ಲಿ ಅದನ್ನು ಓದಿ ‘ಇಲ್ಲ’ ಎಂದು ಬರೆಯಲು ಹೊರಟರು. ನಮೂನೆಯಲ್ಲಿ ‘ಇಲ್ಲ’ ಎಂಬ ಕಾಲಂ ಇರಲಿಲ್ಲ. ‘ಒಂದು’, ‘ಎರಡು’, ‘ಮೂರು ಅಥವಾ ಹೆಚ್ಚು’ ಇದ್ದವು.

ಆದ್ದರಿಂದ ದ್ವೀಪ ಹುಡುಕಲು ವಿಶೇಷ ನೌಕಾವಿಹಾರ ಘಟಕವೊಂದನ್ನು ತೆರೆದು ಮರಿಬಸಪ್ಪನವರನ್ನು ವಿಶೇಷಾಧಿಕಾರಿಯಾಗಿ ನೇಮಿಸಲಾಯಿತು. ಅವರು ಕುರುಗೋಡಿನವರು. ಸಮುದ್ರ ನೋಡಿರಲಿಲ್ಲ. ಬಂಡೆ ಬೇಕಾದಷ್ಟು ನೋಡಿದ್ದರು. ಅರ್ಧ ಅರ್ಹತೆ ಸಾಕು ಎಂದು ಟಿಪ್ಪಣಿ ಬರೆದು ಕಡತಕ್ಕೆ ಸೇರಿಸಲಾಯಿತು.

ಅವರ ಜೀಪು ಕರೂರಿಗೆ ಬಂದ ದಿನ ಸಾವಂತ್ರಮ್ಮ ಸಸಿಗೆ ಕೊಡದಿಂದ ನೀರು ಹಾಕುತ್ತಿದ್ದಳು. ಕಾಲುವೆಯ ತೂಬು ಎತ್ತಿ ಇಳಿಸುವ ಲಸ್ಕರ್ ಗೌಸಸಾಬ್ ಜೀಪಿನ ಹಿಂದೆ ಸೈಕಲ್ಲಿನಲ್ಲಿ ಧೂಳು ಕುಡಿಯುತ್ತ ಬಂದ.

“ಈ ಗುಡ್ಡಕ್ಕ ಹೆಸರೇನಮ್ಮಾ?” ಎಂದು ಕೇಳಿದರು ಮರಿಬಸಪ್ಪನವರು.

“ಗುಂಡು ಅಂತೀವ್ರಿ. ಹೆಸರಿಡಾಕ ಅವೇನು ನನ್ನ ಹೊಟ್ಟ್ಯಾಗ ಹುಟ್ಟ್ಯಾವೇನ್ರಿ?”

ಸಾಹೇಬರು ‘ಗುಂಡು ದ್ವೀಪ ಒಂದು, ಎರಡು ಮತ್ತು ಮೂರು’ ಎಂದು ಬರೆದುಕೊಂಡರು. ಕಾಲುವೆಯ ದಂಡೆಯನ್ನು ‘ತೀರಪ್ರದೇಶ’ ಎಂದು ಬರೆದುಕೊಂಡರು.

“ದ್ವೀಪ ಅಂದ್ರ ಸುತ್ತ ನೀರು ಇರಬೇಕಲ್ರಿ ಸಾಹೇಬ್ರ?” ಎಂದ ಗೌಸಸಾಬ್.

“ಇರಬೇಕು,” ಎಂದು ಅವರು ಚೀಲದಿಂದ ನಿಯಮಾವಳಿ ತೆಗೆದು ಗಟ್ಟಿಯಾಗಿ ಓದಿದರು: “ನಿಯಮ ನಾಲ್ಕು. ಸುತ್ತ ನೀರಿಲ್ಲದ ದ್ವೀಪವನ್ನು ದ್ವೀಪವೆಂದು ಪರಿಗಣಿಸತಕ್ಕದ್ದಲ್ಲ. ನೀರಿನ ಕೊರತೆ ಕಂಡುಬಂದಲ್ಲಿ ಸಂಬಂಧಪಟ್ಟವರು ಏಳು ದಿನದೊಳಗಾಗಿ ನೀರು ಒದಗಿಸತಕ್ಕದ್ದು.”

ಸಾವಂತ್ರಮ್ಮ ಕೊಡ ಕೆಳಗಿಟ್ಟಳು.

“ಎಷ್ಟು ನೀರು ಬೇಕ್ರಿ ಅದಕ್ಕ?”

“ಎದಿಮಟ.”

“ಯಪ್ಪಾ!” ಎಂದಳು. ಎದೆಮಟ್ಟದ ನೀರಿನಲ್ಲಿ ಸಸಿ ಕೊಳೆಯುತ್ತದೆ. “ಹಡಗು ಎಷ್ಟು ದೊಡ್ಡದ್ರಿ?”

“ಸುತ್ತೋಲ್ಯಾಗ ಕಿರುಹಡಗು ಅಂತ ಐತಿ.”

“ಕಿರುಹಡಗಿಗೆ ನಾಕು ಬಟ್ಟು ನೀರು ಸಾಕಲ್ರಿ. ಹೆಚ್ಚಿಗಿ ಬಿಟ್ರ ದ್ವೀಪ ಮುಳುಗಿ ಹೋಗತಾವ. ಆಮ್ಯಾಲೆ ನಿಮ್ಮನ್ನ ಕೇಳ್ತಾರ.”

ಮರಿಬಸಪ್ಪನವರಿಗೆ ಜೀವನದಲ್ಲಿ ಭಯವಿದ್ದದ್ದು ಆಮೇಲೆ ಕೇಳುವವರ ಬಗ್ಗೆ ಮಾತ್ರ. ‘ಎದೆಮಟ್ಟ’ ಎಂಬುದನ್ನು ಹೊಡೆದು ‘ನಾಲ್ಕು ಬೆರಳು’ ಎಂದು ತಿದ್ದಿ ಪಕ್ಕದಲ್ಲಿ ರುಜು ಹಾಕಿದರು.

“ಎಷ್ಟು ದಿನ ಇರಬೇಕ್ರಿ ನೀರು?”

“ಹಡಗು ಬರೋ ತನಕ.”

“ಹಡಗು ಯಾವಾಗ ಬರತೈತ್ರಿ?”

“ಅದು ಬ್ಯಾರೆ ವಿಭಾಗದ ವಿಷಯ.”

ಸಾವಂತ್ರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಟಿಯಿಂದ ಕೊಯ್ಲಿಗೆ ನಾಲ್ಕು ತಿಂಗಳು. ಅಲ್ಲಿಯವರೆಗೆ ಹಡಗು ಬರಬಾರದು. ಬರುವುದಿಲ್ಲ ಎಂದೂ ಆಗಬಾರದು.

ಮರುದಿನದಿಂದ ಘಟಕವು ಜಲಮಾರ್ಗದ ಅಡೆತಡೆಗಳ ಸಮೀಕ್ಷೆ ಕೈಗೊಂಡಿತು. ಕಾಲುವೆಯ ತಲೆಭಾಗದಲ್ಲಿ ಕೊಟ್ಟೂರಪ್ಪನ ಗದ್ದೆಯ ಕಡೆಗೆ ಬಾಯಿ ತೆರೆದ ಇಪ್ಪತ್ತಮೂರು ಸಿಮೆಂಟು ಪೈಪುಗಳು ಪತ್ತೆಯಾದವು. ಇದೇ ಪೈಪುಗಳ ಬಗ್ಗೆ ಸಾವಂತ್ರಮ್ಮ ಮೊದಮೊದಲ ವರ್ಷಗಳಲ್ಲಿ ಆರು ಅರ್ಜಿ ಕೊಟ್ಟಿದ್ದು, ಆರು ಸಲವೂ ‘ಸ್ಥಳ ಪರಿಶೀಲಿಸಲಾಗಿ ಪೈಪುಗಳು ಕಂಡುಬಂದಿಲ್ಲ’ ಎಂದು ವರದಿಯಾಗಿತ್ತು. ಈ ಸಲ ಒಂದು ಪೈಪು ಮರಿಬಸಪ್ಪನವರ ಕಾಲಿಗೇ ತಾಗಿದ್ದರಿಂದ ಕಂಡುಬಂತು. ‘ಹಡಗಿನ ತಳಕ್ಕೂ ಹೀಗೆಯೇ ತಾಗುವ ಸಂಭವವಿದೆ’ ಎಂದು ಅವರು ಕುಂಟುತ್ತ ಬರೆದರು. ಸಂಜೆಯೊಳಗೆ ಎಲ್ಲವನ್ನೂ ಕಿತ್ತು ದಂಡೆಯ ಮೇಲೆ ಸಾಲಾಗಿ ಇಡಲಾಯಿತು.

ಕೊಟ್ಟೂರಪ್ಪ ಮೋಟರ್‌ಸೈಕಲ್ ಹತ್ತಿ ಬಂದ.

“ಯಾವನಲೇ ಈ ಪೈಪು ಕಿತ್ತಾಂವ?”

“ನಿಮ್ಮವೇನ್ರಿ ಸಾವ್ಕಾರ್ರ?” ಎಂದ ಗೌಸಸಾಬ್, ಬಹಳ ಗೌರವದಿಂದ.

ಕೊಟ್ಟೂರಪ್ಪ ಪೈಪುಗಳನ್ನೂ, ಪಕ್ಕದಲ್ಲಿ ಪೆನ್ನು ತೆರೆದು ನಿಂತಿದ್ದ ಮರಿಬಸಪ್ಪನವರನ್ನೂ ನೋಡಿದ.

“ನನ್ನವ್ಯಾಕ ಆಗ್ತಾವ?”

“ಮತ್ತ ಸಿಟ್ಯಾಕ್ರಿ?”

“ಸಿಟ್ಟಲ್ಲೋ. ಸುಮ್ಕ ಕೇಳಿದೆ.”

ಅಲ್ಲಿಯೇ ಮರಿಬಸಪ್ಪನವರು ಅವನನ್ನು ಪ್ರಯಾಣಿಕರ ಸ್ವಾಗತ ಸಮಿತಿಯ ಅಧ್ಯಕ್ಷನನ್ನಾಗಿ ನೇಮಿಸಿ, ಹಡಗಿನ ಮೊದಲ ಕೋಣೆಯನ್ನು ಕಿಟಕಿಯ ಸಮೇತ ಅವನ ಹೆಸರಿಗೆ ಕಾಯ್ದಿರಿಸಿದರು. ಅಧ್ಯಕ್ಷನಾದವನು ಹಡಗಿಗೆ ನೀರು ಬೇಡವೆನ್ನುವಂತಿಲ್ಲ. ಕೊಟ್ಟೂರಪ್ಪ ಹಾರ ಹಾಕಿಸಿಕೊಂಡು ಮನೆಗೆ ಹೋದ.

ನೀರು ಏಳನೆಯ ದಿನ ಬೆಳಿಗ್ಗೆ ಕರೂರಿಗೆ ಬಂತು. ಮುಂದೆ ನೊರೆ, ಅದರ ಹಿಂದೆ ಹುಲ್ಲು ಕಡ್ಡಿ, ಯಾರದೋ ಒಂದು ಚಪ್ಪಲಿ, ಅದರ ಹಿಂದೆ ನೀರು. ಪಕ್ಕದ ಹೊಲದ ಮೂಕಮ್ಮ ಕೂಗಿಕೊಂಡು ಓಡಿಬಂದಳು.

“ಯಕ್ಕಾ, ನೀರು ಬಂತು ನೀರು!”

“ನೀರು ಅನಬ್ಯಾಡ. ಸಮುದ್ರ ಅನ್ನು. ನೀರು ಅಂದ್ರ ವಾಪಸ್ ಒಯ್ದಾರು,” ಎಂದಳು ಸಾವಂತ್ರಮ್ಮ. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿಕೊಂಡು ಸೀರೆ ಎತ್ತಿ ಕಟ್ಟಿ ಸಮುದ್ರಕ್ಕೆ ಇಳಿದಳು. ಎರಡು ದಿನದಲ್ಲಿ ನಾಟಿ ಮುಗಿಯಿತು.

ಮೂರು ವಾರದ ನಂತರ ಮರಿಬಸಪ್ಪನವರು ನೀರಿನ ಮಟ್ಟ ಪರೀಕ್ಷಿಸಲು ಬಂದರು. ಬೆರಳಿಟ್ಟು ನೋಡಿದರು. ನಾಲ್ಕು ಇತ್ತು.

“ಸಮುದ್ರದಾಗ ಈ ಹಸರು ಏನಮ್ಮಾ?”

“ಪಾಚಿ ರೀ.”

“ಸಾಲು ಹಿಡದು ಐತಲ್ಲ?”

“ನಮ್ಮ ಕಡಿ ಪಾಚಿ ಹಂಗಾ ರೀ. ಹೇಳಿದಂಗ ಕೇಳತೈತಿ.”

‘ತೀರದುದ್ದಕ್ಕೂ ಶಿಸ್ತಿನ ಜಲಸಸ್ಯ ಕಂಡುಬಂದಿದ್ದು, ಪ್ರಯಾಣಿಕರಿಗೆ ಆಕರ್ಷಣೆಯಾಗಲಿದೆ’ ಎಂದು ವರದಿ ಹೋಯಿತು.

ಭಾದ್ರಪದದಲ್ಲಿ ಕೊಟ್ಟೂರಪ್ಪ ಬಳ್ಳಾರಿಗೆ ನಾಲ್ಕು ಸಲ ಹೋಗಿಬಂದ. ಐದನೆಯ ಸಲಕ್ಕೆ ಒಂದು ಆದೇಶದ ಕರಡು ತಯಾರಾಯಿತು: ‘ಹಡಗು ಲಭ್ಯವಿಲ್ಲದ ಕಾರಣ ಕಡತವನ್ನು ಮುಕ್ತಾಯಗೊಳಿಸಬಹುದು.’ ಸುದ್ದಿ ತಂದವನು ಗೌಸಸಾಬ್.

“ಅಕ್ಕಾ, ಕಡತ ಮುಚ್ಚತಾರಂತ. ಕಡತ ಮುಚ್ಚಿದ್ರ ತೂಬೂ ಮುಚ್ಚು ಅಂತಾರ. ನನ್ನ ಕೈಯಾಗ ಏನೂ ಇಲ್ಲ.”

ಪೈರು ಆಗ ಮೊಳಕಾಲುದ್ದ ಇತ್ತು. ಇನ್ನು ಹತ್ತು ದಿನ ನೀರು ಬರದಿದ್ದರೆ ಎಲ್ಲವೂ ಮತ್ತೆ ಎಮ್ಮೆಗೆ, ಹೊಲ ಕೊಟ್ಟೂರಪ್ಪನಿಗೆ.

“ಹಡಗು ಬೇಕಾ ಬೇಕು ಅಂತ ಒಂದು ಅರ್ಜಿ ಕೊಡು,” ಎಂದ ಜಂಬಣ್ಣ.

“ಹನ್ನೊಂದು ವರ್ಷ ಬೇಕು ಬೇಕು ಅಂತಾನಾ ಕೊಟ್ಟೀನಲ್ಲ? ಬೇಕು ಅಂದ್ರ ಇಲ್ಲ ಅಂತ ಒಂದಾ ಸಾಲಿನ್ಯಾಗ ಬರತೈತಿ. ಈ ಸಲ ಬ್ಯಾಡ ಅಂತ ಕೊಡ್ತೀನಿ.”

ಅರ್ಜಿ ಬರೆದು ಬರೆದು ಅವಳಿಗೆ ಕಚೇರಿಯ ಕನ್ನಡ ರೂಢಿಯಾಗಿತ್ತು. ‘ಉದ್ದೇಶಿತ ಹಡಗಿನ ಕೂಗಿನಿಂದ ಬೆದರಿ ನನ್ನ ಎಮ್ಮೆಯು ಹಾಲು ಕೊಡದೆ ಹೋಗುವ ಸಂಭವವಿರುವುದರಿಂದ ಸದರಿ ಹಡಗನ್ನು ಬಿಡತಕ್ಕದ್ದಲ್ಲವೆಂದು ನನ್ನ ಸಖತ್ ತಕರಾರು ಇರುತ್ತದೆ.’

ತಕರಾರು ಇರುವ ಕಡತವನ್ನು ಮುಚ್ಚುವಂತಿಲ್ಲ. ನಿಯಮ ಹನ್ನೊಂದು. ವಿಚಾರಣೆ ಮುಗಿಯುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ಯಥಾಸ್ಥಿತಿಯೆಂದರೆ ನಾಲ್ಕು ಬೆರಳು.

ವಿಚಾರಣೆ ಕ್ರಮಬದ್ಧವಾಗಿ ಆರಂಭವಾಯಿತು. ಎಮ್ಮೆ ಬೆದರುತ್ತದೆಯೇ ಎಂದು ದನದ ಡಾಕ್ಟರರು ಪರೀಕ್ಷಿಸಬೇಕು. ಪರೀಕ್ಷೆಗೆ ಹಡಗಿನ ಕೂಗು ಬೇಕು. ಕೂಗು ಕಳಿಸಿಕೊಡಿ ಎಂದು ಬಂದರೊಂದಕ್ಕೆ ಪತ್ರ ಹೋಯಿತು. ಯಾವ ಹಡಗಿನದು ಎಂದು ಬಂದರಿನವರು ಮರುಪತ್ರ ಬರೆದರು. ಹಡಗಿಗೆ ಹೆಸರಿಡಲು ಸಮಿತಿ ರಚಿಸಲಾಯಿತು. ಸಮಿತಿಯ ಏಳು ಸದಸ್ಯರು ತಮ್ಮ ತಮ್ಮ ತಾಯಂದಿರ ಏಳು ಹೆಸರು ಸೂಚಿಸಿದರು. ಹೀಗೆ ಆಶ್ವೀಜ ಕಳೆಯಿತು. ಪೈರು ಹೊಡೆ ಹಾಯ್ದು ತೆನೆ ಹೊರಬಂತು.

ಕಾರ್ತಿಕದಲ್ಲಿ ಬೇರೊಂದು ತೊಡಕು ಎದ್ದಿತು. ವಿಹಾರದ ಉದ್ಘಾಟನೆಯ ದಿನಾಂಕ ಸುತ್ತೋಲೆಯ ಹಿಂಬದಿಯಲ್ಲಿ ಅಚ್ಚಾಗಿದ್ದುದು ಆಗಷ್ಟೇ ಕಣ್ಣಿಗೆ ಬಿತ್ತು. ಅದನ್ನು ಬದಲಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಮರಿಬಸಪ್ಪನವರು ಆದೇಶ ಹೊರಡಿಸಿದರು: ‘ಹಡಗು ಒದಗುವವರೆಗೆ ಶ್ರೀ ಕೊಟ್ಟೂರಪ್ಪನವರ ಟ್ರ್ಯಾಕ್ಟರಿನ ಟ್ರೇಲರನ್ನು ಹಡಗೆಂದು ಭಾವಿಸತಕ್ಕದ್ದು. ಭಾವಿಸದವರನ್ನು ಇಳಿಸಲಾಗುವುದು.’

ಬಳ್ಳಾರಿಯಿಂದ ಇಪ್ಪತ್ತನಾಲ್ಕು ಮಂದಿ ಗಣ್ಯರು ಬಸ್ಸಿನಲ್ಲಿ ಬಂದರು. ಟ್ರೇಲರಿನಲ್ಲಿ ಗಾದಿ ಹಾಸಿತ್ತು. ಅದು ಐಷಾರಾಮ. ಕೊಟ್ಟೂರಪ್ಪ ಮೊದಲ ಕೋಣೆಯಲ್ಲಿ, ಅಂದರೆ ಎಡಮೂಲೆಯಲ್ಲಿ, ಒಂದು ಕಿಟಕಿ ಚೌಕಟ್ಟನ್ನು ಕೈಯಲ್ಲಿ ಹಿಡಿದು ಕೂತ. ಗೌಸಸಾಬನಿಗೆ ಬಿಳಿ ಟೋಪಿ ಕೊಟ್ಟಿದ್ದರು.

ಡ್ರೈವರ್ ಟ್ರ್ಯಾಕ್ಟರನ್ನು ನೀರಿನ ಕಡೆಗೆ ತಿರುಗಿಸಿದ. ಸಾವಂತ್ರಮ್ಮ ತೋಳು ಚಾಚಿ ಅಡ್ಡ ನಿಂತಳು. ಅವಳ ಹಿಂದೆ ಮೂರೂವರೆ ಎಕರೆ, ಹಾಲುಗಾಳು ಕಟ್ಟಿದ ಭತ್ತ.

“ಹಡಗು ನೀರಾಗ ಇಳಸಂಗಿಲ್ರಿ ಸಾಹೇಬ್ರ.”

“ಹಡಗು ನೀರಾಗ ಇಳೀದ ಮತ್ತ ಎಲ್ಲಿ ಹೋಗತೈತವ್ವಾ?” ಎಂದ ಕೊಟ್ಟೂರಪ್ಪ ಕಿಟಕಿಯೊಳಗಿಂದ. “ನಡೀಲೇ, ಹೊಡಿ!”

“ಯಥಾಸ್ಥಿತಿ ಐತ್ರಿ. ನಮ್ಮೆಮ್ಮಿ ವಿಚಾರಣಿ ಮುಗದಿಲ್ಲ.”

ಮರಿಬಸಪ್ಪನವರು ನಿಯಮಾವಳಿ ತೆರೆದರು. ಹಿಂದೆ ಮುಂದೆ ತಿರುವಿದರು. ಸಾವಂತ್ರಮ್ಮ ಚಾಚಿದ ತೋಳು ಇಳಿಸಲಿಲ್ಲ.

“ಆಕಿ ಹೇಳೋದು ಖರೇ ಐತಿ,” ಎಂದರು. “ವಿಚಾರಣೆ ಬಾಕಿ ಇರೋ ಹಡಗು ನೀರು ಮುಟ್ಟಂಗಿಲ್ಲ. ದಂಡಿ ಮ್ಯಾಲೆ ಹೊಡಿ.”

ಹಡಗು ದಂಡೆಯ ಮೇಲೆ ಹೊರಟಿತು. ಗಾಡಿಜಾಡಿನ ಹಾದಿ. ಗೌಸಸಾಬ್ ಟೋಪಿ ಸರಿಮಾಡಿಕೊಂಡು ಕೂಗಿದ: “ಎಲ್ಲಾರೂ ಬಲಕ್ಕ ನೋಡ್ರಿ, ಗುಂಡು ದ್ವೀಪ ಒಂದು! ನಿರ್ಜನ ಐತ್ರಿ! ಮ್ಯಾಲೆ ಕುಂತಿದ್ದು ಮ್ಯಾಕಿ!” ಎರಡನೆಯ ದ್ವೀಪದ ಹೊತ್ತಿಗೆ ನಿವೃತ್ತ ಹೆಡ್ಮಾಸ್ತರ್ ದೊಡ್ಡಬಸಪ್ಪನವರು ಮೂರು ಸಲ ವಾಂತಿ ಮಾಡಿಕೊಂಡರು. ಅಲ್ಲಿಯವರೆಗೆ ಅನುಮಾನದಲ್ಲಿದ್ದವರಿಗೂ ಇದು ಸಮುದ್ರಯಾನವೇ ಎಂದು ಖಾತ್ರಿಯಾಯಿತು. ಇಳಿದ ಮೇಲೆ ಎಲ್ಲರಿಗೂ ಮಂಡಕ್ಕಿ ವಗ್ಗರಣಿ, ಮಿರ್ಚಿ ಹಂಚಲಾಯಿತು. “ಸಮುದ್ರದ ಗಾಳಿಗೆ ಹಸಿವು ಜಾಸ್ತಿ,” ಎಂದರು ಹೆಡ್ಮಾಸ್ತರರು.

ಮಾರ್ಗಶಿರದಲ್ಲಿ ಸಾವಂತ್ರಮ್ಮ ಪಾಚಿ ಕೊಯ್ದಳು. ಕೊಟ್ಟೂರಪ್ಪ ದಂಡೆಯ ಮೇಲೆ ಮೋಟರ್‌ಸೈಕಲ್ ನಿಲ್ಲಿಸಿ ರಾಶಿಯನ್ನು ಬಹಳ ಹೊತ್ತು ನೋಡಿದ.

“ಏನವ್ವಾ, ಕಣಕ್ಕ ಜಾಗ ಕೊಡಂಗಿಲ್ಲಂದಂಗಾತು?”

“ಸಮುದ್ರದಾಗ ಕಣ ಹೆಂಗ ಮಾಡ್ತೀರ್ರಿ ಸಾವ್ಕಾರ್ರ?”

ಜಂಬಣ್ಣ ಹೊಲ ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ. ತಾನು ಮೊದಲಿನಿಂದಲೂ ಹಡಗಿನ ಪರವಾಗಿದ್ದೆ ಎಂದು ಚಹದ ಅಂಗಡಿಯಲ್ಲಿ ಹೇಳತೊಡಗಿದ.

ಸರ್ಕಾರ ಹಡಗಿಗೆಂದು ಹೆಚ್ಚುವರಿ ನೀರು ಬಿಟ್ಟಿತು ಎಂಬುದರಲ್ಲಿ ತಾಲೂಕಿನಲ್ಲಿ ಎರಡು ಮಾತಿರಲಿಲ್ಲ. ಘಟಕದ ವಾರ್ಷಿಕ ವರದಿಯೂ ಹಾಗೆಯೇ ಹೇಳಿತು. ಕೊಟ್ಟೂರಪ್ಪ ಎರಡನೆಯ ವರ್ಷಕ್ಕೂ ಅಧ್ಯಕ್ಷನಾದ. ಕಾಲುವೆಗಳ ಕೊನೆಭಾಗದ ಹದಿನಾಲ್ಕು ಹಳ್ಳಿಗಳವರು ತಮಗೂ ಹಡಗು ಬೇಕೆಂದು ಅರ್ಜಿ ಹಾಕಿದರು. ದೇಶನೂರಿನವರು ದೊಡ್ಡದೇ ಬೇಕೆಂದರು. ಅರ್ಜಿಗಾಗಿ ಹೊಸ ನಮೂನೆ ಅಚ್ಚಾಗಿ ಬಂತು. ಅದರಲ್ಲಿ ಎಮ್ಮೆಗಳ ಸಂಖ್ಯೆಗೂ ಒಂದು ಕಾಲಂ ಇತ್ತು.

ಆ ವರ್ಷ ಹದಿನೇಳನೆಯ ಉಪಕಾಲುವೆಗೆ ಬಿಟ್ಟ ನೀರು ಹಿಂದಿನ ವರ್ಷ ಬಿಟ್ಟಷ್ಟೇ.