ಎಡಗಣ್ಣಿನ ಕಾಗೆ

ವಯಸ್ಸಾದ ಕಣ್ಣಿರೋ ಮನುಷ್ಯನಿಗೆ ಇಂಥವು ಆಗ್ತಲೇ ಇರ್ತವೆ. ನನಗೆ ಎಲ್ಲಾ ಒಂದೇ ವಾರದಲ್ಲಿ ಆದವು! ನಗ್ರಿ, ಬೇಡ ಅನ್ನಲ್ಲ. ಆದರೆ ನನ್ನ ಎಡಗಣ್ಣು ಉಳಿಯುತ್ತೋ ಹೋಗುತ್ತೋ ಅನ್ನೋ ಮಾತು ಅದು.

ಚಾದಲ್ಲಿ ನೊಣ

ಚಿಕ್ಕಜಾಜೂರು ಸ್ಟೇಷನ್ ಹತ್ತಿರ ನಂದು ಚಾದಂಗಡಿ. ಬೆಳಿಗ್ಗೆ ಲೋಟಕ್ಕೆ ಚಾ ಬಗ್ಗಿಸಿದೆ. ಕರಿ ನೊಣ! ಚೆಲ್ಲಿದೆ. ಮತ್ತೆ ಬಗ್ಗಿಸಿದೆ. ಮತ್ತೆ ನೊಣ. ಚೆಲ್ಲಿದೆ. ಟವೆಲ್ ಬೀಸಿದೆ. ಕಣ್ಣು ಹೊರಳಿದ ಕಡೆಗೇ ಅದೂ ತೇಲಿತು.

ಕಾಯುತ್ತಾ ಕುಂತಿದ್ದ ರೈಲ್ವೆ ಗ್ಯಾಂಗ್‌ಮನ್ ಕೇಳಿದ, "ಏನಪ್ಪ, ಅಂಗಡಿ ಮುಂದೆ ಸಗಣಿ ನೀರು ಬಿಟ್ಟು ಚಾ ಹಾಕ್ತಿದೀಯ. ರಂಗೋಲಿ ಯಾವಾಗ ಬಿಡ್ತೀಯ?"

ಮಿಂಚು

ನಮ್ಮ ಬೀದಿ ತುಂಬಾ ಮೆಕ್ಕೆಜೋಳ ಒಣಹಾಕಿದ್ದರು. ಸಂಜೆ ಮನೆ ಕಡೆ ಹೊರಟಿದ್ದೆ. ಫಳ್ ಅಂತ ಮಿಂಚಿತು! "ಮಳೆ ಬಂತು, ಜೋಳ ಬಾಚ್ರೋ!" ಅಂತ ಕೂಗಿದೆ. ಬೀದಿ ಬೀದಿಯೇ ಎದ್ದಿತು. ಬಾಚಿದರು, ಗುಡ್ಡೆ ಹಾಕಿದರು, ಟಾರ್ಪಲ್ ಹೊದಿಸಿದರು. ಆಕಾಶದಲ್ಲಿ ಒಂದು ಮೋಡ ಇಲ್ಲ.

ಪಕ್ಕದ ಮನೆ ಅಜ್ಜಿ ಸೊಂಟ ಹಿಡ್ಕೊಂಡು ಬಂತು.

"ಯಾವ ಕಡೆ ಮಿಂಚಿತಲೇ?"

"ಎಡಗಡೆ ಅಜ್ಜಿ." ಆಕಡೆ ತಿರುಗಿದೆ. "ಇಗೋ, ಈಗ್ಲೂ ಎಡಗಡೆ!"

"ನೀನು ತಿರುಗಿದಂಗೆಲ್ಲ ಬರಾಕೆ ಅದೇನು ಮಿಂಚೋ, ನೀನು ಸಾಕಿದ ನಾಯಿನೋ?"

ಕಾಗೆ

ಹೆಂಡತಿ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಅವಳ ತಿಂಗಳ ಎಡೆ. ಅವಳಿಗಿಷ್ಟ ಅಂತ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿನೂ ಎಲೆಗೆ ಹಾಕಿ ತಾರಸಿ ಮೇಲಿಟ್ಟೆವು. ಕಾಗೆ ಮುಟ್ಟದೆ ಯಾರೂ ಉಣ್ಣಂಗಿಲ್ಲ. ಬಿಸಿಲು ಏರಿತು. ಕಾಗೆ ಇಲ್ಲ. "ಅಕ್ಕಂಗೆ ಏನೋ ಬೇಸರ ಐತೆ ಭಾವ" ಅಂದ ಹಿರಿಯೂರಿನ ಬಾಮೈದ. ಏನು ಕಮ್ಮಿ ಮಾಡಿದೆನೋ.

ಅಂಗಳದಿಂದ ತಲೆ ಎತ್ತಿದೆ. ಕರ್‍ರಗೆ, ರೆಕ್ಕೆ ಬಿಚ್ಚಿಕೊಂಡು, ಸುಯ್ಯಂತ ಇಳಿಯಿತು!

"ಬಂತು! ಮುಟ್ತು! ಉಣ್ರಿ!"

ಎಲ್ಲರೂ ಕುಂತು ಹೊಟ್ಟೆ ತುಂಬ ಉಂಡರು. ಆಮೇಲೆ ಬಾಮೈದ ಮೇಲೆ ಹತ್ತಿದ. ಎಲೆ ಇಟ್ಟಂಗೇ ಐತೆ.

"ಎಲ್ಲಿ ಭಾವ ಕಾಗೆ?"

"ಕುರುಡನೇನೋ? ನಿನ್ನ ತಲೆ ಮೇಲೇ ಕುಂತೈತೆ!"

ಅವನು ತಲೆ ಸವರಿಕೊಂಡ. ನನ್ನ ಮುಖ ನೋಡಿದ. "ಇದು ಅಕ್ಕನ ಬೇಸರ ಅಲ್ಲ, ಭಾವನ ಕಣ್ಣು. ನಡೀರಿ ದುರ್ಗಕ್ಕೆ!"

ಕೈ ಹಿಡಿದವರು

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಹನಿ ಹಾಕಿದರು. ಎಲ್ಲಾ ಮಂಜು ಮಂಜು. ಡಾಕ್ಟ್ರಮ್ಮ ಲೈಟು ಬಿಟ್ಟು ನೋಡಿದರು. ಕಣ್ಣೊಳಗೆ ಗಂಜಿ ತರ ಒಂದು ಐತಂತೆ. ವಯಸ್ಸಾದಂಗೆ ಅದು ಕುಗ್ಗಿ ಹಿಂದಿನ ಪರದೆ ಜಗ್ಗುತ್ತಂತೆ. ಜಗ್ಗಿದರೆ ಮಿಂಚು. ಅದರ ಚೂರಿನ ನೆರಳೇ ನೊಣ, ಕಾಗೆ. ಬಹಳ ಜನಕ್ಕೆ ಅಷ್ಟಕ್ಕೇ ನಿಲ್ಲುತ್ತಂತೆ. "ನಿಮಗೆ ಪರದೆ ಹರಿದಿದೆ. ಇವತ್ತೇ ಲೇಸರ್ ಆಗಬೇಕು. ಬಿಟ್ಟರೆ ಕಣ್ಣು ಹೋಗುತ್ತೆ" ಅಂದರು.

ಬಾಮೈದ ದುಡ್ಡು ಕಟ್ಟಲು ಹೋದ. ನರ್ಸು ನನ್ನನ್ನು ಕರೆದರು. ಗಾಬರಿಯಲ್ಲಿ ಎದ್ದೆ. ಪಕ್ಕದಲ್ಲೊಂದು ಕೈ ಸಿಕ್ಕಿತು, ಗಟ್ಟಿ ಹಿಡಿದೆ. ಅದೂ ಹಿಡಿಯಿತು. ನಡೆದೆವು. ಮೆಟ್ಟಿಲು ಹತ್ತಿದೆವು. ತಿರುವು ತಿರುಗಿದೆವು. ಕೂಸುಗಳ ಅಳು!

"ಯಜಮಾನ್ರೇ, ಇದು ಹೆರಿಗೆ ವಾರ್ಡು!" ಅಂತು ಒಂದು ಹೆಣ್ಣು ದನಿ.

"ಎಲ್ಲಿಗೆ ಕರ್ಕಂಡು ಬಂದ್ರಿ?" ಅಂದೆ.

"ನಾನೆಲ್ರೀ ಕರ್ಕಂಡು ಬಂದೆ? ನಂಗೂ ಹನಿ ಹಾಕ್ಯಾರೆ! ನೀವು ಕಣ್ಣು ಕಾಣೋ ಮನುಷ್ಯ ಅಂತ ಹಿಂದೆ ಬಂದೆ!" ಅಂದ ನನ್ನ ಕೈ ಹಿಡಿದಿದ್ದ ಮುದುಕ. ಹೊಸದುರ್ಗದವನಂತೆ.

ಬಾಮೈದ ಓಡಿ ಬಂದು ಇಬ್ಬರನ್ನೂ ಕೆಳಗಿಳಿಸಿದ. ಡಾಕ್ಟ್ರಮ್ಮ ಬೈದರು. ಲೇಸರ್ ಹಾಕಿದರು. "ಕಣ್ಣು ಉಳೀತು. ಚುಕ್ಕೆ ಜಾಸ್ತಿ ಆದ್ರೆ, ಕಣ್ಣ ಮುಂದೆ ತೆರೆ ಇಳಿದಂಗೆ ಕಂಡ್ರೆ, ಆ ಕ್ಷಣ ಬನ್ನಿ" ಅಂದರು.

ಉಳೀತು! ಕುಣಿಯಂಗಾಯ್ತು. ಮಂಜು ಮಂಜಲ್ಲೇ ಹೊರಗೆ ಬಂದು ಬಾಮೈದನ್ನ ತಬ್ಬಿಕೊಂಡು ಕೈ ಹಿಡಿದೆ. "ನಡಿಯೋ, ಊರಿಗೆ ಹೋಗಾಣ!"

"ಕೈ ಬಿಡ್ರಿ ಯಜಮಾನ್ರೇ" ಅಂತು ಹೊಸದುರ್ಗದ ದನಿ. "ಒಂದ್ಸಲ ನಿಮ್ ಜತೆ ಬಂದು ಹೆರಿಗೆ ವಾರ್ಡು ನೋಡಿದ್ದು ಸಾಕು!"