ಭಾವ ಕೈ ಎತ್ತಿದರೆ

ಕೂತ ಕುರ್ಚಿ ಬಿಸಿಯಾಗುವ ಮೊದಲೇ ಎದ್ದುಬಿಡುವವರನ್ನು ನೀವು ನೋಡಿರುತ್ತೀರಿ. ನಮ್ಮ ಭಾವ ಕೂರುವ ಮೊದಲೇ ಏಳುತ್ತಿದ್ದರು! ಅರವತ್ತರ ದಶಕದಲ್ಲಿ ಅವರಿಗೆ ಹಡಗಿನಲ್ಲಿ ಕೆಲಸ. ಸಮುದ್ರದ ತಳದಡಿ ಪೆಟ್ರೋಲು ಇರಬಹುದಾದ ಜಾಗ ಹುಡುಕುವ ಹಡಗು ಅದು. ಅಕ್ಕ ಜಯನಗರದ ಮನೆಯಲ್ಲಿ. ಅವಳಿಗೆ ಜೊತೆಯಾಗಿ ನಾನು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದರೆ, ನೆಲ ಅಲ್ಲಾಡುವುದಿಲ್ಲವೆಂದು ಭಾವನಿಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ‘ಹಾಗೇ ಸ್ವಲ್ಪ’ ಅಡ್ಡಾಡಲು ಹೋಗಿ ಮೈಲಿಗಟ್ಟಲೆ ದೂರದ ಕೋಣನಕುಂಟೆ ಮುಟ್ಟಿ ಬರುತ್ತಿದ್ದರು. ಅಕ್ಕ ಕಾಫಿಯನ್ನು ಮತ್ತೆ ಮತ್ತೆ ಬಿಸಿ ಮಾಡಿ, ಕೊನೆಗೆ ತಾನೇ ಕುಡಿಯುತ್ತಿದ್ದಳು.

ಅದನ್ನಾದರೂ ಸಹಿಸಬಹುದು. ಆದರೆ ಆ ಕೈ! ಹಡಗಿನವರು ನೀರಿನಲ್ಲಿ ಮದ್ದು ಸಿಡಿಸುತ್ತಾರೆ. ಆ ಸದ್ದು ತಳದಡಿಯ ಕಲ್ಲಿನ ಪದರಗಳಿಗೆ ತಗುಲಿ ಹಿಂತಿರುಗುತ್ತದೆ. ಯಂತ್ರ ಅದನ್ನು ಹಿಡಿದುಕೊಳ್ಳುವ ತನಕ ಯಾರೂ ಉಸಿರೆತ್ತುವಂತಿಲ್ಲ. ಸಿಡಿದ ಕೂಡಲೇ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುವುದು ಭಾವನ ಕೆಲಸ. ಮನೆಯಲ್ಲೂ ಅದೇ ಚಾಳಿ. ಲೋಟ ಬಿದ್ದರೆ ಕೈ ಮೇಲೆ. ಬಾಗಿಲು ಬಡಿದರೆ ಕೈ ಮೇಲೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ಹಾಗೇ ನಿಂತಿದ್ದರು, ಪಾಪ.

ಒಂದು ಸಂಜೆ ಈ ವಿದ್ಯೆ ತೋರಿಸಲು ನನ್ನನ್ನು ಯಡಿಯೂರು ಕೆರೆಗೆ ಕರೆದೊಯ್ದರು. ಆನೆಪಟಾಕಿ ಹಚ್ಚಿ ನೀರಿಗೆಸೆದರೆ ಅದು ನೆನೆದು ಸುಮ್ಮನಾಯಿತು. ಭಾವ ಬಿಡುತ್ತಾರೆಯೇ? ದೊಡ್ಡ ಕಲ್ಲೊಂದನ್ನು ಎತ್ತಿ ಹಾಕಿದರು. ಬಟ್ಟೆ ಒಗೆಯುತ್ತಿದ್ದವನೊಬ್ಬ ಮೈಯೆಲ್ಲ ಕೆಸರಾಗಿ ಎದ್ದ.

“ಏನ್ ಸಾರ್ ಇದು, ಒಗ್ದಿರೋ ಬಟ್ಟೆ ಮೇಲೆ...”

ಭಾವ ಕೈ ಎತ್ತಿದರು. ಅವನೂ ಬಾಯಿ ಮುಚ್ಚಿ ನೀರನ್ನೇ ನೋಡುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, “ಏನಾದ್ರೂ ಸಿಕ್ತಾ ಸಾರ್?” ಎಂದು ಕೇಳಿದ.

ಆ ವರ್ಷ ಅಕ್ಕನ ತಾಳ್ಮೆ ಮುಗಿದಿತ್ತು. ಬೆಂಗಳೂರಿನಲ್ಲೇ ಒಂದು ಕಚೇರಿಯ ಕೆಲಸ ಭಾವನಿಗೆ ಸಿಗುವಂತಿತ್ತು. ಅವರು ಹೂಂ ಎನ್ನಬೇಕಿತ್ತು, ಅಷ್ಟೆ. ಕೇಳಿದಾಗಲೆಲ್ಲ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅಕ್ಕ ಹಿಡಿದಳು. ಮಾತು ತಪ್ಪಿಸಲು ಭಾವ ಹವಳದ ದಿಬ್ಬಗಳ ಕಥೆ ತೆಗೆದರು.

“ಸಣ್ಣ ಹುಳ ಕಣೇ. ಕೂತ ಜಾಗ ಬಿಟ್ಟು ಕದಲಲ್ಲ. ಒಂದರ ಮನೆ ಮೇಲೆ ಇನ್ನೊಂದು ಮನೆ ಕಟ್ಕೊಂಡು ಹೋಗುತ್ತೆ. ಕೋಟ್ಯಂತರ ವರ್ಷ ಆದ್ಮೇಲೆ ಎಲ್ಲ ಮಣ್ಣಲ್ಲಿ ಮುಚ್ಚೋಗುತ್ತೆ. ಆ ಗೂಡಿನ ತೂತುಗಳಲ್ಲಿ ಎಣ್ಣೆ ನಿಂತಿರಬಹುದು. ಅದನ್ನೇ ನಾವು ಹುಡುಕೋದು.”

“ಎಷ್ಟು ಸಿಕ್ತು?”

“ಇನ್ನೂ ಒಂದು ಸೌಟೂ ಇಲ್ಲ. ನಮಗೆ ಆಕಾರ ಕಾಣುತ್ತೆ ಅಷ್ಟೆ. ಕೊರೆದು ನೋಡೋ ತನಕ ಒಳಗೇನಿದೆ ಗೊತ್ತಾಗಲ್ಲ.”

ಅಕ್ಕ ಸಾರು ಬಡಿಸುವುದನ್ನು ನಿಲ್ಲಿಸಿದಳು. “ಒಂದೇ ಕಡೆ ಕೂತು ಮನೆ ಮಾಡ್ಕೊಂಡಿದ್ದ ಹುಳನ ಹುಡುಕೋಕೆ ಮನೆ ಬಿಟ್ಟು ಹೋಗ್ತೀರಲ್ರೀ.”

ಭಾವ ಮಜ್ಜಿಗೆಗೂ ಕಾಯದೆ ಎದ್ದರು.

ರಜೆ ಮುಗಿದ ದಿನ ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಹೋಗಲು ಜಟಕಾ ಕಾಯುತ್ತಿತ್ತು. ನನಗೂ ಸಿಟ್ಟು. ಗೇಟಿನ ಬಳಿ ಕೇಳಿಯೇಬಿಟ್ಟೆ: “ಮನೇಲಿ ಕೈ ಎತ್ಕೊಂಡು ಅದೇನ್ ಕೇಳಿಸ್ಕೋತೀರಾ ಭಾವ?”

“ಏನೂ ಇಲ್ಲ ಕಣಮ್ಮ. ಹಡಗಲ್ಲಿ ಮದ್ದು ಸಿಡಿದ್ಮೇಲೆ ಸುಮ್ನೆ ನಿಂತಿರ್ತೀವಲ್ಲ, ಆಗ ನಿಮ್ಮಕ್ಕನ ನೆನಪಾಗುತ್ತೆ. ಅದೇ ಅಭ್ಯಾಸ ಆಗ್ಹೋಗಿದೆ. ಇಲ್ಲಿ ಸದ್ದಾದ್ರೆ, ಅವಳು ನಿಜವಾಗ್ಲೂ ಇದಾಳಾ ಅಂತ ಒಂದ್ಸಲ ನೋಡ್ಕೋತೀನಿ.”

ಹೌದಲ್ಲ! ಕೈ ಮೇಲಿದ್ದಾಗ ಅವರ ಕಣ್ಣು ಪ್ರತಿಸಲವೂ ಅಡುಗೆಮನೆಯ ಬಾಗಿಲ ಕಡೆಗಿರುತ್ತಿತ್ತು. ನಾವೆಲ್ಲ ಬರೀ ಕೈ ನೋಡುತ್ತಿದ್ದೆವು.

ಅಷ್ಟರಲ್ಲಿ ಒಳಗೆ ತಟ್ಟೆಯೊಂದು ಠಣ್ ಎಂದು ಬಿತ್ತು. ಬಿತ್ತೋ, ಬೀಳಿಸಿದಳೋ, ಅಕ್ಕ ಇವತ್ತಿಗೂ ಹೇಳಿಲ್ಲ. ಭಾವನ ಕೈ ಮೇಲೆದ್ದಿತು. ಜಟಕಾದವನೂ ಸುಮ್ಮನಾದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಎತ್ತಿದ ಕೈ ಇಳಿಸಬೇಕೆಂಬುದೇ ಭಾವನಿಗೆ ಮರೆತುಹೋಯಿತು.

ರೈಲು ಸರಿಯಾದ ಹೊತ್ತಿಗೇ ಹೊರಟಿತಂತೆ. ಆಗ ಭಾವ, ಕಚೇರಿಯ ಕೆಲಸಕ್ಕೆ ಹೂಂ ಎಂದು, ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಬಿಸಿಯಾಗಿದ್ದಾಗಲೇ.