ಅಧ್ಯಕ್ಷರ ಶುದ್ಧ ನೀರು

ಇನ್ನು ಮುಂದೆ ಈ ಮನೆಯ ಒಂದೇ ಒಂದು ಜೀವವೂ ಕೊಳಕು ನೀರಲ್ಲಿ ಬದುಕಬಾರದು ಎಂದು ಅಧ್ಯಕ್ಷರು ಬೆಳಗಿನ ಕಾಫಿ ಹೀರುತ್ತಾ ನಿರ್ಣಯ ಮಂಡಿಸಿದರು. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ವಿರೋಧಿಸುವವರಿಲ್ಲದೆ ನಿರ್ಣಯ ಸರ್ವಾನುಮತದಿಂದ ಪಾಸಾಯಿತು!

ಅಧ್ಯಕ್ಷರೆಂದರೆ ಕಾರ್ಖಾನೆಯ ವಿಷದ ನೀರಿನ ವಿರುದ್ಧ ಇಪ್ಪತ್ತೆರಡು ವರ್ಷ ಬಡಿದಾಡಿ, ಮೂರು ಸಲ ಲಾಕಪ್ಪು ಕಂಡು, ಎಡ ಮೊಣಕಾಲಿಗೆ ಲಾಠಿ ತಿಂದ ಮನುಷ್ಯ. ಹೋರಾಟ ಸಮಿತಿ ಈಗಿಲ್ಲ; ಹುದ್ದೆ ಮಾತ್ರ ಅಡ್ಡಹೆಸರಾಗಿ ಉಳಿದಿದೆ. ಅವರ ಕಣ್ಣು ಬಿದ್ದದ್ದು ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಯ ಮೇಲೆ. ಹಳದಿ ನೀರು, ಗಾಜಿಗೆ ಪಾಚಿ, ಒಳಗೊಂದೇ ಮೀನು. ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜಿನ ಕೊಳವೆ ತೊಳೆದ ಹೆಂಡತಿ, ನಿವೃತ್ತಿಯ ದಿನ ಗೋಡೆ ಗಡಿಯಾರ ಬೇಡವೆಂದು ಅಲ್ಲಿಯ ಮೀನನ್ನೇ ಕೇಳಿ ತಂದಿದ್ದಳು. ಗಂಡನ ಜೊತೆಗಿಂತ ಹೆಚ್ಚು ಮಾತು ಅವಳಿಗೆ ಅದರ ಜೊತೆಗೇ.

ನಲ್ಲಿ ನೀರನ್ನು ನಂಬುವ ಪೈಕಿ ಅಲ್ಲ ಅಧ್ಯಕ್ಷರು. ಬ್ಯಾಟರಿ ಅಂಗಡಿಯಿಂದ ಐದು ಕ್ಯಾನು ಡಿಸ್ಟಿಲ್ಡ್ ನೀರು ತಂದರು. ಇದರಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ, ಏನೂ ಇಲ್ಲ ಎಂದು ಅಂಗಡಿಯವನು ಹೇಳಿದ್ದೇ ತಡ, ಇಂಥದ್ದಕ್ಕೇ ಅಲ್ಲವೇ ತಾನು ಏಟು ತಿಂದದ್ದು ಎಂದು ಎದೆಯುಬ್ಬಿಸಿದ್ದರು. ಹಳೇ ನೀರನ್ನು ಮೀನಿನ ಸಮೇತ ಬಕೆಟ್ಟಿಗೆ ತೋಡಿದರು. ಅದನ್ನು ಬಚ್ಚಲವರೆಗೆ ಹೊರಲು ಮೊಣಕಾಲು ಒಪ್ಪಲಿಲ್ಲ. ಅಲ್ಲೇ ಬಿಟ್ಟು, ಗಾಜನ್ನು ಫಳಫಳ ಉಜ್ಜಿ, ನಾಲ್ಕು ಕ್ಯಾನು ಸುರಿದು ಮೀನನ್ನು ಬಿಟ್ಟರು.

ಮೀನು ಗಿರಗಿರ ಎರಡು ಸುತ್ತು ಹೊಡೆಯಿತು. ಸಂತೋಷಕ್ಕೆ ಎಂದುಕೊಂಡರು. ಓರೆಯಾಯಿತು. ವಿಶ್ರಾಂತಿ ಎಂದುಕೊಂಡರು. ಪಕ್ಕಕ್ಕೆ ಮಗುಚಿ ಬಾಯಿ ಬಿಡತೊಡಗಿತು. ಶುದ್ಧತೆ ಸಾಲದಾಯಿತೇನೋ ಎಂದು ಐದನೇ ಕ್ಯಾನಿಗೆ ಕೈ ಹಾಕುವಷ್ಟರಲ್ಲಿ ಹೆಂಡತಿ ಒಳಬಂದಳು. ಮೀನು ನೋಡಿದಳು, ಖಾಲಿ ಕ್ಯಾನು ನೋಡಿದಳು.

"ಹಳೇ ನೀರೆಲ್ಲಿ?"

"ಬಕೆಟ್ಟಲ್ಲಿದೆ. ಕೊಳಕು ಕಣೇ, ಚೆಲ್ಲೋಣ ಅಂತ..."

"ಮುಟ್ಟಿದ್ರೆ ನೋಡಿ."

ಬೊಗಸೆಯಲ್ಲಿ ಮೀನನ್ನು ಎತ್ತಿ ಬಕೆಟ್ಟಿಗೆ ಬಿಟ್ಟಳು. ಮೂವತ್ತು ವರ್ಷ ಕೊಳವೆ ತೊಳೆಯುತ್ತಲೇ ಪಾಠ ಕೇಳಿಸಿಕೊಂಡವಳು, ಗಂಡನಿಗೆ ತಾನೇ ಪಾಠ ಮಾಡಿದಳು. ಮೀನಿನ ಮೈಯೆಂದರೆ ಲೆಕ್ಕವಿಲ್ಲದಷ್ಟು ಜೀವಕೋಶ, ಅದರೊಳಗೆ ಉಪ್ಪು. ಹೊರಗಿನ ನೀರಲ್ಲಿ ಏನೂ ಇಲ್ಲದಿದ್ದರೆ ನೀರು ಒಳಕ್ಕೆ ನುಗ್ಗುತ್ತದೆ, ಉಪ್ಪು ಹೊರಕ್ಕೆ ಸೋರುತ್ತದೆ. ಹಳದಿ ನೀರಲ್ಲಿದ್ದದ್ದು ವಿಷವಲ್ಲ; ಮೀನಿಗೆ ಬೇಕಾದ ಉಪ್ಪು, ಸುಣ್ಣ.

ಅಧ್ಯಕ್ಷರು ಬಕೆಟ್ಟಿನ ಪಕ್ಕ ನೆಲಕ್ಕೇ ಕೂತರು. ಮೀನು ಮಗುಚಿಕೊಂಡೇ ಇತ್ತು. ಇಷ್ಟು ಶುದ್ಧವಾದದ್ದು ಜೀವ ತೆಗೆಯುವುದೆಂದರೇನು ಎಂದು ಗೊಣಗಿದರು.

"ನಿಮ್ಮ ಸಮಿತೀಲಿ ನೂರನಲವತ್ತು ಜನ ಇದ್ರು" ಎಂದಳು ಹೆಂಡತಿ, ಮೀನಿನಿಂದ ಕಣ್ಣು ತೆಗೆಯದೆ. "ಒಬ್ಬ ಕುಡೀತಾನೆ, ಇನ್ನೊಬ್ಬ ಕಾರ್ಖಾನೆ ಮಾಲೀಕನ ಮಗಳ ಮದುವೇಲಿ ಉಂಡ ಅಂತ ಒಬ್ಬೊಬ್ಬರನ್ನೇ ತೆಗೆದುಹಾಕಿದ್ರಿ. ಕೊನೇ ಸಭೇಲಿ ಯಾರಿದ್ರು?"

ಆ ಸಭೆಯಲ್ಲಿ ಕುರ್ಚಿ ಹಾಕಿದವರು, ಭಾಷಣ ಮಾಡಿದವರು, ಚಪ್ಪಾಳೆ ತಟ್ಟಿದವರು, ಎಲ್ಲ ಅಧ್ಯಕ್ಷರೊಬ್ಬರೇ.

ಅರ್ಧ ಗಂಟೆಯಾದ ಮೇಲೆ ಬಾಲ ಅಲುಗಿತು. ಇನ್ನಷ್ಟು ಹೊತ್ತಿಗೆ ಮೀನು ನೆಟ್ಟಗಾಗಿ ಬಕೆಟ್ಟಿನ ತಳಕ್ಕೆ ಇಳಿಯಿತು. ಅಧ್ಯಕ್ಷರು ಏಳಲು ನೋಡಿದರು; ಮೊಣಕಾಲು ಬಿಡಲಿಲ್ಲ. ಹೆಂಡತಿಯತ್ತ ಕೈ ಚಾಚಿದರು. ಅವಳು ಬಕೆಟ್ಟಿನಿಂದ ಆಗಷ್ಟೇ ತೆಗೆದ, ಹಳದಿ ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಒರೆಸದೆಯೇ ಮುಂದೆ ಹಿಡಿದಳು.

"ಕೊಳಕಾಗಿದೆ. ನಡೆಯುತ್ತಾ, ಅಧ್ಯಕ್ಷರೇ?"

ಅಧ್ಯಕ್ಷರು ಎರಡೂ ಕೈಯಲ್ಲಿ ಹಿಡಿದುಕೊಂಡರು.